ತಪ್ಪು ಮೇಷ್ಟ್ರ ಚೀಟಿ ಡಬ್ಬಿ

ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಮೂವತ್ತನಾಲ್ಕು ವರ್ಷ ದಿನಕ್ಕೊಂದರಂತೆ ತಪ್ಪು ಮಾಡಿದ ಮನುಷ್ಯ. ಜ್ವರ ಬಂದ ದಿನವೂ ಕೊಡೆ ಹಿಡಿದು ಬಂದು, ಹಲಗೆಯ ಮೇಲೆ ಅಂದಿನ ತಪ್ಪನ್ನು ಬರೆದು, ಆಮೇಲೆ ರಜಾಚೀಟಿ ಕೊಟ್ಟು ಮನೆಗೆ ಹೋಗಿ ಮಲಗಿದ್ದುಂಟು. ಮಕ್ಕಳು ಅವರನ್ನು ಎದುರಿಗೆ ಸರ್ ಅನ್ನುತ್ತಿದ್ದರು, ಬೆನ್ನ ಹಿಂದೆ ತಪ್ಪು ಮೇಷ್ಟ್ರು ಅನ್ನುತ್ತಿದ್ದರು. ಆ ಹೆಸರು ಅವರ ಕಿವಿಗೆ ಬಿದ್ದಾಗ ಕೋಪ ಬರಲಿಲ್ಲ, ಮುಖ ಅರಳಿತು.

ಇದು ಶುರುವಾದದ್ದು ಅವರು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ. ಒಂದು ದಿನ ಯಾವುದೋ ಗ್ಯಾನದಲ್ಲಿ ಹಲಗೆಯ ಮೇಲೆ ‘ಹಸುವಿಗೆ ಐದು ಕಾಲು, ಹಾಗಾದರೆ ಹನ್ನೆರಡು ಹಸುಗಳಿಗೆ ಎಷ್ಟು?’ ಎಂದು ಬರೆದುಬಿಟ್ಟರಂತೆ. ನಲವತ್ತು ಮಕ್ಕಳೂ ಅರವತ್ತು ಕಾಲು ಎಂದು ಉತ್ತರ ಬರೆದರು. ಒಬ್ಬನಂತೂ ಹಸುವಿನ ಚಿತ್ರ ಬಿಡಿಸಿ, ಐದನೇ ಕಾಲಿಗೆ ಜಾಗ ಸಾಲದೆ ಬೆನ್ನ ಮೇಲೆ ಇಟ್ಟಿದ್ದ. ಹಲಗೆಯ ಮೇಲೆ ಏನು ಬಿದ್ದರೂ ಕಣ್ಣು ಮುಚ್ಚಿ ನಕಲು ಮಾಡುವ ಈ ಮಕ್ಕಳು ನಾಳೆ ದೊಡ್ಡವರಾಗಿ ಯಾರು ಏನು ಹೇಳಿದರೂ ನಂಬುತ್ತಾರಲ್ಲ ಎಂದು ಮೇಷ್ಟ್ರಿಗೆ ದಿಗಿಲಾಯಿತು. ಮಾರನೆಯ ದಿನದಿಂದ ಬೇಕೆಂತಲೇ ಒಂದು ತಪ್ಪನ್ನು ಪಾಠದೊಳಗೆ ಬಚ್ಚಿಡತೊಡಗಿದರು.

ಅದಕ್ಕೊಂದು ಕಟ್ಟುನಿಟ್ಟಾದ ನಿಯಮ. ತಪ್ಪು ಕಂಡವರು ಬಾಯಿ ಬಿಡಬಾರದು. ಚೀಟಿಯಲ್ಲಿ ಬರೆದು, ಮೇಜಿನ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಡಬ್ಬಿಯ ಮುಚ್ಚಳ ತೆಗೆಯುವುದು ಮರುದಿನ ಶಾಲೆ ಶುರುವಾದ ಮೊದಲ ಪೀರಿಯಡ್ಡಿನಲ್ಲಿ. ಅಲ್ಲಿಯವರೆಗೆ ಗೆಳೆಯನಿಗೂ ಹೇಳುವ ಹಾಗಿಲ್ಲ, ಅಮ್ಮನಿಗೂ ಹೇಳುವ ಹಾಗಿಲ್ಲ. ಕಂಡುಹಿಡಿದವರಿಗೆ ಹೆಬ್ಬೆರಳುದ್ದದ ಬಣ್ಣದ ಸೀಮೆಸುಣ್ಣ ಬಹುಮಾನ. ಆ ತುಂಡು ಸೀಮೆಸುಣ್ಣಕ್ಕೆ ಶಾಲೆಯಲ್ಲಿ ಎಂಥ ಬೆಲೆಯಿತ್ತೆಂದರೆ, ಹಸಿರು ತುಂಡೊಂದಕ್ಕೆ ಒಬ್ಬ ಹುಡುಗ ತನ್ನ ತಮ್ಮನನ್ನೇ ಒಂದು ವಾರಕ್ಕೆ ಬದಲಿ ಕೊಟ್ಟಿದ್ದನ್ನು ಡ್ರಿಲ್ ಮೇಷ್ಟ್ರಾಗಿ ಮೈದಾನದಲ್ಲಿ ಸೀಟಿ ಊದುತ್ತಿದ್ದ ನಾನು ಕಣ್ಣಾರೆ ಕಂಡಿದ್ದೇನೆ.

ಮೇಷ್ಟ್ರ ಕೊನೆಯ ವರ್ಷದಲ್ಲಿ ಐದನೇ ತರಗತಿಯಲ್ಲಿ ನಲವತ್ತೆರಡು ಮಕ್ಕಳಿದ್ದರು. ನಲವತ್ತೊಂದು ಮಕ್ಕಳು ಒಮ್ಮೆಯಲ್ಲ ಒಮ್ಮೆ ಚೀಟಿ ಹಾಕಿದವರೇ. ಹಾಕದಿದ್ದವಳು ಒಬ್ಬಳು. ಅವಳನ್ನು ಎಲ್ಲರೂ ಕಿಟಕಿ ಹುಡುಗಿ ಅನ್ನುತ್ತಿದ್ದರು. ಮೂರನೇ ಬೆಂಚಿನ ತುದಿಯಲ್ಲಿ ಕೂತು ಹೊರಗಿನ ರಸ್ತೆಯನ್ನೇ ನೋಡುತ್ತಿದ್ದಳು. ರಸ್ತೆ ಎದ್ದು ಹೋಗಿಬಿಡುತ್ತದೇನೋ, ತಾನು ಕಾವಲು ಕಾಯಬೇಕೇನೋ ಅನ್ನುವ ಹಾಗೆ. ಮೇಷ್ಟ್ರು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು:

“ಅವಳದೊಂದು ಚೀಟಿ ಬಿದ್ದರೆ ಸಾಕು ಕಣಯ್ಯ, ನಾನು ನೆಮ್ಮದಿಯಾಗಿ ನಿವೃತ್ತಿ ತಗೋತೀನಿ.”

“ಬೀಳದಿದ್ರೆ?”

“ಬೀಳದಿದ್ರೂ ತಗೋಬೇಕಲ್ಲ. ನೆಮ್ಮದಿ ಇರಲ್ಲ ಅಷ್ಟೆ.”

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಲೆಯೂ ಸೋಷಿಯಲ್ ಮೀಡಿಯಾವನ್ನು ಕಲಿಕೆಗೆ ಬಳಸತಕ್ಕದ್ದು, ಪಾಠಗಳ ವಿಡಿಯೋ ಹಾಕತಕ್ಕದ್ದು. ನಮ್ಮ ಶಾಲೆಗೂ ಒಂದು ಪುಟವಿತ್ತು. ಅದರಲ್ಲಿ ಇದ್ದದ್ದು ಹೂಕುಂಡಗಳ ಜೊತೆ ಹೆಡ್‌ಮಿಸ್ ನಿಂತ ಹದಿನೇಳು ಫೋಟೋ. ಕುಂಡಗಳು ಬದಲಾಗುತ್ತಿದ್ದವು, ಹೆಡ್‌ಮಿಸ್ ಮುಖ ಬದಲಾಗುತ್ತಿರಲಿಲ್ಲ. ಅವರು ಕಣ್ಣು ಬಿಟ್ಟು ನೋಡಿದರೆ ಗೋಡೆಯ ಗಡಿಯಾರವೇ ಹೆದರಿ ಐದು ನಿಮಿಷ ಮುಂದೆ ಓಡುತ್ತಿತ್ತು ಅಂದಮೇಲೆ ಆ ಪುಟಕ್ಕೆ ಯಾರು ಬರುತ್ತಾರೆ?

ವಿಡಿಯೋ ಮಾಡುವ ಜವಾಬ್ದಾರಿ ಕಂಪ್ಯೂಟರ್ ಟೀಚರ್ ಮೇಲೆ ಬಿತ್ತು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹಂಗಾಮಿ ಕೆಲಸ, ವರ್ಷ ವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂಬತ್ತು ಕಂಪ್ಯೂಟರುಗಳಲ್ಲಿ ನಾಲ್ಕನ್ನು ದಿನಾ ಪುಸಲಾಯಿಸಿ ಎಬ್ಬಿಸುತ್ತಿದ್ದ ತಾಳ್ಮೆಯವಳು. ಸೀದಾ ಬಂದು ತಪ್ಪು ಮೇಷ್ಟ್ರ ಮುಂದೆ ನಿಂತಳು.

“ಸರ್, ಮೊದಲ ವಿಡಿಯೋ ನಿಮ್ಮದೇ. ಬೇರೆಯವರ ಪಾಠ ಅರ್ಧ ನಿಮಿಷಕ್ಕೆ ನಿದ್ದೆ ಬರಿಸುತ್ತೆ. ನಿಮ್ಮದಾದರೆ ಮನೆಯವರೂ ಕೂತು ತಪ್ಪು ಹುಡುಕ್ತಾರೆ.”

“ನನ್ನ ಮುಖ ನೋಡಿದರೆ ಮೊಬೈಲು ಕೆಡಲ್ವೇನಮ್ಮ?”

“ನಮ್ಮ ಪುಟ ಹದಿನೇಳು ಫೋಟೋ ತಡಕೊಂಡಿದೆ ಸರ್.”

ಮೇಷ್ಟ್ರು ನಕ್ಕರು, ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು: “ಡಬ್ಬಿಯ ನಿಯಮ ಮೊಬೈಲಿಗೂ ಅನ್ವಯ. ತಪ್ಪು ಯಾವುದು ಅಂತ ಅವತ್ತೇ ಹೇಳಬಾರದು. ಡಬ್ಬಿ ತೆಗೆದ ಮೇಲೆ ಎರಡನೇ ವಿಡಿಯೋದಲ್ಲಿ ಹೇಳೋಣ.”

ಶುಕ್ರವಾರ ಮಧ್ಯಾಹ್ನ ಚಿತ್ರೀಕರಣ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಎಂದಿನಂತೆ ಮೊದಲು ಹಲಗೆಯ ಬಲಮೂಲೆಯಲ್ಲಿ ತಾರೀಖು ಬರೆದರು. ಆಮೇಲೆ ಲೆಕ್ಕ. ಸಭಾಂಗಣದಲ್ಲಿ ಎಂಟು ಸಾಲು, ಸಾಲಿಗೆ ಏಳು ಕುರ್ಚಿ. ಏಳೆಂಟ್ಲೆ ಐವತ್ನಾಲ್ಕು. ಅದರಲ್ಲಿ ಆರು ಕುರ್ಚಿಯ ಕಾಲು ಮುರಿದಿದೆ. ಉಳಿದದ್ದು ನಲವತ್ತೆಂಟು. ನಲವತ್ತೆಂಟರ ಕೆಳಗೆ ಎರಡು ಗೆರೆ ಎಳೆದು, ದೊಡ್ಡ ಸಾಧನೆ ಮಾಡಿದವರಂತೆ ಮೊಬೈಲಿನ ಕಡೆಗೆ ತಿರುಗಿ ತಲೆ ಬಾಗಿಸಿದರು. ಮಕ್ಕಳು ಕಿಸಕ್ಕೆಂದು ನಕ್ಕು ಚೀಟಿಗೆ ಕೈ ಹಾಕಿದರು. ಐವತ್ತಾರು ಆಗಬೇಕಾದದ್ದು ಐವತ್ನಾಲ್ಕು ಆಗಿದ್ದು ಮೊದಲ ಬೆಂಚಿಗೆ ಆಗಲೇ ಕಂಡಿತ್ತು. ಸಂಜೆ ಗಂಟೆ ಹೊಡೆದ ಮೇಲೆ ಹೆಡ್‌ಮಿಸ್ ತಾವೇ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಗೊಂಚಲಿಗೆ ಸೇರಿಸಿಕೊಂಡು ಮನೆಗೆ ಹೋದರು. ಶನಿವಾರ, ಭಾನುವಾರ ರಜೆ, ಡಬ್ಬಿ ಸೋಮವಾರದವರೆಗೆ ಒಳಗೇ ಉಳಿಯಿತು. ಕಂಪ್ಯೂಟರ್ ಟೀಚರ್ ‘ಗಣಿತ ಪಾಠ, ಒಂದು’ ಎಂಬ ಹೆಸರಿಟ್ಟು ವಿಡಿಯೋವನ್ನು ಪುಟಕ್ಕೆ ಹಾಕಿದಳು. ಆ ಹೆಸರಿನಲ್ಲಿ ತಪ್ಪು ಹುಡುಕಿ ಅನ್ನುವ ಒಂದು ಮಾತು ಸೇರಿಸುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ನಮಗೆಲ್ಲ ಮೂವತ್ತನಾಲ್ಕು ವರ್ಷದಿಂದ ಗೊತ್ತಿದ್ದದ್ದು ಲೋಕಕ್ಕೆ ಗೊತ್ತಿಲ್ಲ ಅನ್ನುವುದು ನಮ್ಮಲ್ಲಿ ಯಾರಿಗೆ ತಾನೇ ಹೊಳೆದಿತ್ತು?

ಯಾವನೋ ಪುಣ್ಯಾತ್ಮ ಅದನ್ನು ನೋಡಿದ. ‘ನಮ್ಮ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರನ್ನು ನೋಡಿ!’ ಎಂದು ಬರೆದು ಹತ್ತು ಜನಕ್ಕೆ ಕಳಿಸಿದ. ಶನಿವಾರ ಬೆಳಗಿನ ಹೊತ್ತಿಗೆ ಎರಡು ಲಕ್ಷ ಜನ ನೋಡಿದ್ದರು. ಶಾಲೆಯ ವಾರ್ಷಿಕೋತ್ಸವಕ್ಕೆ ಮನೆಮನೆಗೂ ಹೋಗಿ ಕರೆದರೂ ಮೂವತ್ತು ಜನ ಬರುತ್ತಿರಲಿಲ್ಲ! ಒಬ್ಬರು ಮೇಷ್ಟ್ರನ್ನು ಬೈದರು, ಇನ್ನೊಬ್ಬರು ಮೇಷ್ಟ್ರಿಗೆ ಕಲಿಸಿದ ಮೇಷ್ಟ್ರನ್ನು ಬೈದರು, ಮತ್ತೊಬ್ಬರು ಕುರ್ಚಿ ಮುರಿದವರು ಯಾರು ಎಂದು ಕೇಳಿದರು. ಹಳೆಯ ಪದ್ಧತಿಯಲ್ಲಿ ಏಳೆಂಟ್ಲೆ ಐವತ್ನಾಲ್ಕೇ ಆಗಿತ್ತು, ಈಚೆಗೆ ಬದಲಾಯಿಸಿದ್ದಾರೆ ಎಂದು ಒಬ್ಬ ವಾದಕ್ಕೆ ನಿಂತ. ಅವನಿಗೂ ನಾನೂರು ಜನ ಲೈಕು ಒತ್ತಿದ್ದರು. ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಈ ಚರ್ಚೆ ಎಷ್ಟು ಬಿಸಿಯಾಯಿತೆಂದರೆ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೊಬ್ಬ ಅದೇ ಅರ್ಧ ಗಡ್ಡದಲ್ಲಿ ಎದ್ದುಹೋಗಿ ಮಗ್ಗಿ ಪುಸ್ತಕ ತಂದ.

ಇಷ್ಟೆಲ್ಲ ಆಗುವಾಗ ಸತ್ಯ ಗೊತ್ತಿದ್ದ ನಲವತ್ತೆರಡು ಬಾಯಿಗಳು ಊರಲ್ಲೇ ಇದ್ದವು. ಒಂದೂ ತೆರೆಯಲಿಲ್ಲ.

“ಏನೋ ನಿಮ್ಮ ಮೇಷ್ಟ್ರು ಹೀಗೆ?” ಎಂದು ಬೇಕರಿಯವ ಮಗನನ್ನು ಕೇಳಿದ.

“ಸೋಮವಾರ ಹೇಳ್ತೀನಪ್ಪ.”

“ಈಗ ಹೇಳೋಕೆ ಬಾಯಲ್ಲಿ ಏನಿದೆ?”

“ನಿಯಮ ಇದೆ.”

ಬೇಕರಿಯವ ಮಗನನ್ನು ಎರಡು ದಿನ ಆಟಕ್ಕೆ ಬಿಡಲಿಲ್ಲ. ಹುಡುಗ ಅದನ್ನೂ ಸಹಿಸಿದ, ಬಾಯಿ ಬಿಡಲಿಲ್ಲ. ಬೈಗುಳವೆಲ್ಲ ಓದಿ ಕೆಲವು ಮಕ್ಕಳು ಅತ್ತಿದ್ದೂ ಉಂಟಂತೆ. ಅತ್ತರು, ಆದರೆ ಹೇಳಲಿಲ್ಲ.

ಶನಿವಾರ ಹೆಡ್‌ಮಿಸ್ ಮೇಷ್ಟ್ರನ್ನೂ ಕಂಪ್ಯೂಟರ್ ಟೀಚರನ್ನೂ ಶಾಲೆಗೆ ಕರೆಸಿದರು. ಹೇಗೂ ಸುಮ್ಮನಿದ್ದವನು ಎಂದು ನಾನೂ ಹೋದೆ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ಹೆಡ್‌ಮಿಸ್ ಅದನ್ನು ಮುಂದಕ್ಕೆ ನೂಕಿದರು.

“ಮೇಲಿನಿಂದ ಫೋನ್ ಬಂದಿದೆ. ಸೋಮವಾರ ಶಿಕ್ಷಣ ಇಲಾಖೆಯ ಸಾಹೇಬರೇ ಬರ್ತಾರೆ. ಇದಕ್ಕೆ ಸಹಿ ಹಾಕಿಬಿಡಿ, ಇಲ್ಲಿಗೇ ಮುಗೀತದೆ.”

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ‘ಜೂನ್ 31ರಂದು ಐದನೇ ತರಗತಿಯ ಪಾಠದಲ್ಲಿ ನಾನು ಅಜ್ಞಾನದಿಂದ ತಪ್ಪು ಬರೆದಿರುತ್ತೇನೆ. ಇನ್ನು ಮುಂದೆ ಹಲಗೆಯ ಮೇಲೆ ಯಾವುದೇ ತಪ್ಪು ಬರೆಯುವುದಿಲ್ಲ.’

“ಅಜ್ಞಾನದಿಂದ ಅಲ್ವಲ್ಲ ಮೇಡಂ. ನಿಮಗೂ ಗೊತ್ತು, ಬೇಕೂಂತಲೇ ಬರೆದದ್ದು.”

“ನನಗೆ ಗೊತ್ತಿದ್ದು ಏನು ಬಂತು? ಸಿಕ್ಕಿಬಿದ್ದವರೆಲ್ಲ ಬೇಕೂಂತ ಮಾಡಿದೆ ಅಂತಲೇ ಹೇಳೋದು. ಒಂದು ಪಕ್ಷ ನಂಬಿದರು ಅಂತ ಇಟ್ಕೊಳ್ಳಿ. ಆಗ ಬೇಕೂಂತ ಬರೆದ ತಪ್ಪನ್ನು ವಿವರಣೆ ಇಲ್ಲದೆ ಪುಟಕ್ಕೆ ಹಾಕಿದ್ದು ಯಾರು ಅಂತ ಕೇಳ್ತಾರೆ.” ಹೆಡ್‌ಮಿಸ್ ಟೀಚರ್ ಕಡೆ ನೋಡಿದರು. “ಇವಳದು ಹಂಗಾಮಿ ಕೆಲಸ. ಒಂದು ಗೆರೆ ಎಳೆದರೆ ಹೋಯ್ತು.”

ಸಂಕಟ ಇಷ್ಟೇ, ಆದರೆ ಸಣ್ಣದಲ್ಲ. ಸಹಿ ಹಾಕಿದರೆ ಮೂವತ್ತನಾಲ್ಕು ವರ್ಷದ ಪಾಠವೆಲ್ಲ ಅಜ್ಞಾನದ ಖಾತೆಗೆ ಸೇರುತ್ತದೆ, ಡಬ್ಬಿ ಮುಚ್ಚಿಹೋಗುತ್ತದೆ. ಹಾಕದಿದ್ದರೆ ಆ ಹೆಣ್ಣುಮಗಳ ಕೆಲಸ ಹೋಗುತ್ತದೆ.

ಟೀಚರ್ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು: “ಸರ್, ಈಗಲೇ ಎರಡನೇ ವಿಡಿಯೋ ಹಾಕಿಬಿಡ್ತೀನಿ. ಒಂದು ಮಾತು ಹೇಳಿ ಸಾಕು, ತಪ್ಪು ಇದು ಅಂತ.”

“ಬೇಡಮ್ಮ. ನಲವತ್ತೆರಡು ಮಕ್ಕಳು ಬಾಯಿ ಕಟ್ಟಿಕೊಂಡು ಕೂತಿದ್ದಾರೆ. ನನಗೆ ಕಷ್ಟ ಬಂತೂಂತ ನಾನೇ ಮೊದಲು ಬಾಯಿ ಬಿಟ್ಟರೆ, ಸೋಮವಾರ ಅವರ ಮುಖ ಹೇಗೆ ನೋಡಲಿ?” ಹೆಡ್‌ಮಿಸ್ ಕಡೆ ತಿರುಗಿದರು. “ಮೇಡಂ, ಸೋಮವಾರ ಮೊದಲ ಪೀರಿಯಡ್ಡಲ್ಲಿ ಡಬ್ಬಿ ತೆಗೀತೀನಿ. ಅದು ಮುಗಿದ ಮೇಲೆ ಸಹಿ ಹಾಕ್ತೀನಿ. ಈ ಮಗುವಿನ ಹೆಸರು ಎಲ್ಲೂ ಬರಬಾರದು.”

ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ನಡೆದರು. ಅವರ ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು. ಆ ತಾಯಿ ಮೇಷ್ಟ್ರ ಅಂಗಿ ಒಗೆದ ನೀರಲ್ಲಿ ಗೋಡೆಗೆ ಸುಣ್ಣ ಹೊಡೆಯುತ್ತಾರೆಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು.

“ಏನಂತೆ ರೀ?”

“ನಾನು ಅಜ್ಞಾನಿ ಅಂತೆ. ಬರೆದುಕೊಡಬೇಕಂತೆ.”

“ಅಯ್ಯೋ, ನಾನು ಮದುವೆ ಆದ ವರ್ಷದಿಂದ ಹೇಳ್ತಾನೇ ಇದೀನಿ, ನನಗೆ ಒಂದು ದಿನವೂ ಬರೆದುಕೊಡಲಿಲ್ಲ ನೀವು.” ಮೇಷ್ಟ್ರು ನಗಲಿಲ್ಲ. ಆಕೆ ದನಿ ತಗ್ಗಿಸಿದರು. “ಹಾಕ್ತೀರಾ ಸಹಿ?”

“ಆ ಹುಡುಗಿ ಕೆಲಸ ಉಳಿಯುತ್ತೆ ಕಣೆ.”

“ಹಾಗಾದರೆ ಹಾಕಿ. ಕಾಫಿ ಮಾಡ್ತೀನಿ ಬನ್ನಿ.” ಒಳಗೆ ಹೋಗುತ್ತಾ ಹೇಳಿದರು, “ಇವತ್ತಿನ ಕಾಫಿಗೆ ಉಪ್ಪು ಹಾಕಿ ತಪ್ಪು ಹುಡುಕಿ ಅಂತೀನಿ, ಆಗಾದರೂ ನಗ್ತೀರೇನೋ.”

ಸೋಮವಾರ ಸಾಹೇಬರು ಬಂದರು. ಹೊಸ ಬೂಟು ಕಚ್ಚುತ್ತಿತ್ತೆಂದು ಕಾಣುತ್ತದೆ. ಹೆಜ್ಜೆಹೆಜ್ಜೆಗೂ ಮುಖ ಹಿಂಡುತ್ತಿದ್ದರು, ನಾವು ಅದನ್ನು ಕೋಪವೆಂದುಕೊಂಡು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಕೈಯಲ್ಲಿ ನೋಟೀಸು. ಹೆಡ್‌ಮಿಸ್ ತಮ್ಮ ಗೊಂಚಲಿನ ಬೀಗದ ಕೈಯಿಂದಲೇ ಕೋಣೆ ತೆರೆದರು. ಹಲಗೆಯ ಮೇಲೆ ಶುಕ್ರವಾರದ ಲೆಕ್ಕ ಹಾಗೇ ಇತ್ತು. ಸಾಹೇಬರು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತರು. ಬೂಟಿನ ಲೇಸು ಸಡಿಲಿಸಿಕೊಂಡರು.

ಕಂಪ್ಯೂಟರ್ ಟೀಚರ್ ಮೂಲೆಯಲ್ಲಿ ಮೊಬೈಲು ಹಿಡಿದು ನಿಂತಳು. ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆದು ಒಂದೊಂದೇ ಚೀಟಿ ಓದಿದರು. ‘ಏಳೆಂಟ್ಲೆ ಐವತ್ತಾರು.’ ‘56 ಸರ್, 54 ಅಲ್ಲ.’ ‘ಇದು ಬಹಳ ಸುಲಭ ಆಯ್ತು ಸರ್, ಇನ್ನೂ ಕಷ್ಟದ್ದು ಹಾಕಿ.’ ಹತ್ತು, ಇಪ್ಪತ್ತು, ಮೂವತ್ತು. ಸಾಹೇಬರು ಒಂದು ಚೀಟಿ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

“ಇವನ್ನು ಯಾವಾಗ ಬರೆದದ್ದು?”

“ಶುಕ್ರವಾರವೇ ಸರ್,” ಎಂದರು ಹೆಡ್‌ಮಿಸ್. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ಅದೇ ಮೊದಲು ಕೇಳಿದ್ದು. “ಕೋಣೆಗೆ ಬೀಗ ಹಾಕಿದ್ದು ನಾನೇ. ಬೀಗದ ಕೈ ನನ್ನ ಹತ್ತಿರವೇ ಇತ್ತು.”

“ಅಂದರೆ ವಿಡಿಯೋ ಊರೆಲ್ಲ ತಿರುಗೋಕೆ ಮೊದಲೇ ಈ ಮಕ್ಕಳಿಗೆಲ್ಲ ಗೊತ್ತಿತ್ತು? ಮತ್ತೆ ಯಾಕ್ರೋ ಯಾರೂ ಹೇಳಲಿಲ್ಲ?”

ಇಡೀ ತರಗತಿ ಒಂದೇ ದನಿಯಲ್ಲಿ, ಇಷ್ಟು ಸಣ್ಣ ವಿಷಯವೂ ಗೊತ್ತಿಲ್ಲವೇ ಅನ್ನುವ ಹಾಗೆ, “ಬಾಯಿ ಬಿಡಬಾರದು ಸಾರ್!” ಎಂದಿತು.

ಮೇಷ್ಟ್ರು ಕೊನೆಯ ಚೀಟಿ ಬಿಡಿಸಿದರು. ಓದಲು ಹೋದವರು ನಿಂತರು. ಹಲಗೆ ನೋಡಿದರು. ಮತ್ತೆ ಚೀಟಿ ನೋಡಿದರು. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಾಕಿಕೊಂಡು, ದನಿ ಸರಿಮಾಡಿಕೊಂಡು ಓದಿದರು:

‘ಏಳೆಂಟ್ಲೆ ಐವತ್ತಾರು. ಮೇಲಿನ ತಾರೀಖೂ ತಪ್ಪು ಸರ್. ಜೂನ್ ತಿಂಗಳಿಗೆ ಮೂವತ್ತೊಂದು ಇಲ್ಲ, ಮೂವತ್ತೇ. ಇವತ್ತು ಜುಲೈ ಒಂದು. ಅಪ್ಪ ಒಂದನೇ ತಾರೀಖು ಲಾರಿ ತಗೊಂಡು ಮನೆಗೆ ಬರ್ತೀನಿ ಅಂದಿದ್ದಾರೆ, ಅದಕ್ಕೇ ಗೊತ್ತು.’

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಕಿಟಕಿ ಹುಡುಗಿ ಬೆಂಚಿನ ಕೆಳಗೆ ಇಳಿದುಹೋಗುವ ಪ್ರಯತ್ನದಲ್ಲಿದ್ದಳು.

ಹಲಗೆಯ ಬಲಮೂಲೆಯಲ್ಲಿ ಮುದ್ದಾದ ಅಕ್ಷರದಲ್ಲಿ ‘ಜೂನ್ 31’ ಎಂದಿತ್ತು. ಹಿಂದಿನ ದಿನ ಮೂವತ್ತು. ಲೆಕ್ಕದ ಮನುಷ್ಯ, ಅಭ್ಯಾಸಬಲದಿಂದ ಒಂದು ಕೂಡಿಸಿದ್ದರು. ಎರಡು ಲಕ್ಷ ಜನ ನೋಡಿದ್ದರು. ಏಳೆಂಟ್ಲೆಯ ಮೇಲೆ ಎಗರಿ ಬಿದ್ದಿದ್ದರು. ಒಬ್ಬರಿಗೂ ಅದು ಕಂಡಿರಲಿಲ್ಲ.

“ಮಕ್ಕಳೇ,” ಎಂದರು ಮೇಷ್ಟ್ರು, “ಐವತ್ನಾಲ್ಕು ನಾನು ಬೇಕೂಂತ ಇಟ್ಟದ್ದು. ಇದು ಇಟ್ಟದ್ದಲ್ಲ. ಇದು ನಿಜವಾದ ತಪ್ಪು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ನಿಜವಾದ ತಪ್ಪು ಹಿಡಿದವರು ಇವಳೊಬ್ಬಳೇ.” ಜೇಬಿಗೆ ಕೈ ಹಾಕಿ ಹೆಡ್‌ಮಿಸ್ ಕೊಟ್ಟಿದ್ದ ಕಾಗದ ತೆಗೆದರು. “ಸಾಹೇಬರೇ, ಸಹಿ ಹಾಕೋಕೆ ಅಡ್ಡಿಯಿಲ್ಲ. ಆದರೆ ಇದರಲ್ಲೂ ಜೂನ್ ಮೂವತ್ತೊಂದು ಅಂತಲೇ ಇದೆ. ಶನಿವಾರದಿಂದ ಹತ್ತು ಸಲ ಓದಿದೀನಿ, ನನಗೂ ಕಾಣಲಿಲ್ಲ.”

ಹೆಡ್‌ಮಿಸ್ ಹಾಳೆ ನೋಡಿ ಕೆಂಪಾದರು. ವಿಡಿಯೋದಲ್ಲಿದ್ದ ಹಲಗೆ ನೋಡಿಕೊಂಡೇ ಟೈಪು ಮಾಡಿಸಿದ್ದರು ಪಾಪ. ಸಾಹೇಬರು ಮೆಲ್ಲಗೆ ತಮ್ಮ ನೋಟೀಸನ್ನು ಬಿಚ್ಚಿದರು. ಓದಿದರು. ಮಡಚಿದರು. ಅದರಲ್ಲೂ ‘ಜೂನ್ 31ರಂದು ಎಸಗಿದ ಗಂಭೀರ ಲೋಪ’ ಎಂದಿತ್ತು, ಕೆಳಗೆ ಸಾಹೇಬರ ಉದ್ದನೆಯ ಸಹಿ.

ಆಮೇಲೆ ಹಿಂದಿನ ಬೆಂಚಿನಿಂದ ಒಂದು ನಗು ಶುರುವಾಯಿತು. ಸಾಹೇಬರದು. ಮೊಣಕಾಲು ಬೆಂಚಿಗೆ ಬಡಿಯುವ ಹಾಗೆ ನಕ್ಕರು, ಕಣ್ಣೊರೆಸಿಕೊಂಡರು.

“ಇಲ್ಲದೇ ಇರೋ ದಿನ ಮಾಡಿದ ತಪ್ಪಿಗೆ ನಾನು ಯಾರನ್ನು ವಿಚಾರಣೆ ಮಾಡಲಿ ಮೇಷ್ಟ್ರೇ? ಇದನ್ನು ವಾಪಸ್ ತಗೊಂಡು ಹೋಗ್ತೀನಿ. ತಾರೀಖು ತಿದ್ದಿ ಕಳಿಸ್ತೀನಿ.” ಬಾಗಿಲ ತನಕ ಹೋದವರು ತಿರುಗಿ ಕಂಪ್ಯೂಟರ್ ಟೀಚರ್‌ಗೆ ಹೇಳಿದರು: “ಏನಮ್ಮಾ, ಈ ಡಬ್ಬಿ ತೆಗೆದದ್ದನ್ನು ವಿಡಿಯೋ ಮಾಡಿದೆಯಾ? ಹಾಕು. ನನ್ನ ಮೊಣಕಾಲು ಮಾತ್ರ ಕಾಣಿಸಬಾರದು.”

ತಿದ್ದಿದ ನೋಟೀಸು ಇವತ್ತಿನವರೆಗೂ ಬಂದಿಲ್ಲ.

ಕಿಟಕಿ ಹುಡುಗಿಗೆ ಮೇಷ್ಟ್ರು ತುಂಡು ಕೊಡಲಿಲ್ಲ. ಹನ್ನೆರಡು ಬಣ್ಣದ ಪೂರಾ ಪೆಟ್ಟಿಗೆಯನ್ನೇ ಕೊಟ್ಟರು. ಆಕೆ ಅದನ್ನು ಎದೆಗೆ ಅವಚಿಕೊಂಡು ಕೂತಳು. ಮೇಷ್ಟ್ರು ಬಗ್ಗಿ ಕೇಳಿದರು, “ಅಪ್ಪ ಬಂದರೇನಮ್ಮ ಶುಕ್ರವಾರ?”

“ಬಂದ್ರು ಸರ್. ಸಂಜೆ ಬಂದ್ರು. ನಿಮ್ಮ ವಿಡಿಯೋ ತೋರಿಸಿ ಇದೇನು ಅಂತ ಕೇಳಿದ್ರು.”

“ನೀನೇನಂದೆ?”

“ಸೋಮವಾರ ಹೇಳ್ತೀನಿ ಅಂದೆ. ಆದ್ರೆ ಅಪ್ಪ ಭಾನುವಾರವೇ ಲಾರಿ ತಗೊಂಡು ಹೋದ್ರು.”

ಮೇಷ್ಟ್ರು ಮೂಗೊರೆಸಿಕೊಂಡು, ಸೀಮೆಸುಣ್ಣದ ಧೂಳು ಎಂದರು.

ಡಬ್ಬಿಯ ವಿಡಿಯೋ ಪುಟಕ್ಕೆ ಬಂತು. ಬೈದ ಎರಡು ಲಕ್ಷದಲ್ಲಿ ಅದನ್ನು ನೋಡಿದವರು ಆರೇಳು ಸಾವಿರ ಮಾತ್ರ. ಉಳಿದವರು ಬೇರೆ ಯಾರನ್ನೋ ಬೈಯಲು ಹೋಗಿದ್ದರು. ಆದರೆ ಆ ಆರೇಳು ಸಾವಿರ ಜನ ಅಲ್ಲೇ ಉಳಿದರು. ಪುಟಕ್ಕೆ ‘ಇವತ್ತಿನ ತಪ್ಪು’ ಎಂದು ಟೀಚರ್ ದಪ್ಪ ಅಕ್ಷರದಲ್ಲಿ ಹೆಸರಿಟ್ಟಳು. ಅವಳ ಕೆಲಸವೂ ಉಳಿಯಿತು. ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬಾರದು, ಟೀಚರ್‌ಗೆ ಗುಟ್ಟಾಗಿ ಕಳಿಸಬೇಕು, ಅದೇ ಚೀಟಿ. ಬೇಕರಿಯವ ದಿನಾ ಕಳಿಸುತ್ತಾನೆ, ದಿನಾ ತಪ್ಪಾಗುತ್ತದೆ, ಮಗ ಅವನನ್ನು ಎರಡು ದಿನ ಟೀವಿ ನೋಡಲು ಬಿಡುವುದಿಲ್ಲವಂತೆ.

ವರ್ಷದ ಕೊನೆಗೆ ಮೇಷ್ಟ್ರು ನಿವೃತ್ತರಾದರು. ಅಡುಗೆಮನೆಯ ಗೋಡೆಗೆ ಕರಿಹಲಗೆ ತಗುಲಿಹಾಕಿಕೊಂಡು ಅಲ್ಲಿಂದಲೇ ಪಾಠ ಮುಂದುವರಿಸಿದ್ದಾರೆ. ಮೊಬೈಲು ಹಿಡಿಯುವುದು ಮನೆಯಾಕೆ. ಬರೆಯುವ ಮೊದಲು ಕ್ಯಾಲೆಂಡರ್ ನೋಡಿ ಎಂದು ಆಕೆ ದಿನಾ ಕೂಗುವುದೂ ವಿಡಿಯೋದಲ್ಲಿ ಕೇಳಿಸುತ್ತದೆ.

ಕಿಟಕಿ ಹುಡುಗಿಯ ಅಪ್ಪ ಎಲ್ಲೋ ದೂರದ ಹೆದ್ದಾರಿಯ ಬದಿಯಲ್ಲಿ ಲಾರಿ ನಿಲ್ಲಿಸಿ ಅದನ್ನು ನೋಡುತ್ತಾನೆ. ಗುಟ್ಟಾಗಿ ಕಳಿಸುವುದು ಹೇಗೆಂದು ಅವನಿಗೆ ಇನ್ನೂ ಗೊತ್ತಾಗಿಲ್ಲ. ಉತ್ತರವನ್ನು ಸೀದಾ ವಿಡಿಯೋದ ಕೆಳಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆದುಬಿಡುತ್ತಾನೆ. ಹತ್ತು ಉತ್ತರಗಳಲ್ಲಿ ಆರು ಸರಿ ಇರುತ್ತವೆ. ಐದು ನಿಮಿಷ ಕಳೆಯುವುದರೊಳಗೆ ಅದರ ಕೆಳಗೆ ಇನ್ನೊಂದು ಸಾಲು ಬಂದು ಕೂರುತ್ತದೆ:

“ಅಪ್ಪಾ, ಬಾಯಿ ಬಿಡಬಾರದು. ಅಳಿಸಿ, ಚೀಟಿ ಹಾಕಿ. ಮತ್ತೆ ಬರೋದು ಯಾವಾಗ?”